ನೇತ್ರಾಣಿಗೆ ಡೈವ್ ಮಾಡೋಕೆ ಹೊರಟಿದೀರಾ? ಫೋನನ್ನ ದಡದಲ್ಲೇ ರೆಡಿ ಮಾಡ್ಕೊಳ್ಳಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗೋ ಬೋಟ್ ಹತ್ತಿದ್ಮೇಲೆ ಡೈವಿಂಗ್ ಆಪ್ ಡೌನ್‌ಲೋಡ್ ಮಾಡೋಕೆ ಒದ್ದಾಡೋರನ್ನ ತುಂಬಾ ನೋಡಿದೀನಿ. ಅದ್ರಲ್ಲಿ ಕೆಂಪು ಎಸ್‌ಒಎಸ್ ಬಟನ್ ಇದೆ ಅನ್ನೋದೇ ಅವರಿಗೆ ಧೈರ್ಯ. ಆದ್ರೆ ಆ ಬಟನ್ ಸಾಮಾನ್ಯವಾಗಿ ಮಾಡೋದು ನೀವು ಮೊದ್ಲೇ ತುಂಬಿಟ್ಟ ನಂಬರಿಗೆ ಕಾಲ್ ಹಚ್ಚೋದು, ನೀವು ಇರೋ ಜಾಗ ತೋರಿಸೋದು ಅಷ್ಟೇ. ಏನೂ ತುಂಬಿಲ್ಲ ಅಂದ್ರೆ ಅದ್ರಿಂದ ಉಪಯೋಗ ಇಲ್ಲ. ಹಾಗಾಗಿ ಹಿಂದಿನ ರಾತ್ರಿ ರೂಮಲ್ಲಿ ವೈಫೈ ಇರುವಾಗ್ಲೇ ಕೂತು ಇದನ್ನೆಲ್ಲಾ ಮುಗಿಸಿ.

ಮೊದಲನೇದು, ಫೋನ್ ಬೋಟಲ್ಲೇ ಇರ್ಲಿ. ನೀರೊಳಗೆ ಜಿಪಿಎಸ್ಸೂ ಇಲ್ಲ, ನೆಟ್‌ವರ್ಕೂ ಇಲ್ಲ, ಟಚ್ ಸ್ಕ್ರೀನೂ ನೆಟ್ಟಗೆ ಕೆಲ್ಸ ಮಾಡಲ್ಲ. ಫೋನ್ ನೀರು ತಡೆಯುತ್ತೆ ಅನ್ನೋಕೆ ಐಪಿ68 ಅಂತ ಬರೆದಿದ್ರೂ ಅದು ಸಿಹಿನೀರಲ್ಲಿ ಮಾಡಿದ ಟೆಸ್ಟು, ಡೈವಿಂಗ್‌ಗಲ್ಲ. ಬೀಚ್ ಅಂಗಡೀಲಿ ಕೊರಳಿಗೆ ನೇತಾಕೋ ಪ್ಲಾಸ್ಟಿಕ್ ಪೌಚ್ ಸಿಗುತ್ತಲ್ಲ, ಅದನ್ನ ನಂಬ್ಕೊಂಡು ಕೆಳಗೆ ಇಳೀಲೇಬೇಡಿ, 10 ಮೀಟರ್ ಆಳಕ್ಕೆ ಹೋದ್ರೆ ಒತ್ತಡ ಮೇಲಿರೋದ್ರ ಎರಡರಷ್ಟಾಗುತ್ತೆ. ಬೋಟಲ್ಲಿ ಡ್ರೈ ಬ್ಯಾಗ್ ಒಳಗಿಡಿ, ಚಾರ್ಜ್ ಫುಲ್ ಇರ್ಲಿ.

ಎರಡನೇದು ಮೆಡಿಕಲ್ ಮಾಹಿತಿ. ರಕ್ತದ ಗುಂಪು, ಅಲರ್ಜಿ, ತಗೊಳ್ತಿರೋ ಮಾತ್ರೆ, ಮನೆಯವರ ನಂಬರ್. ಡೈವ್ ಆಪಲ್ಲೂ ತುಂಬಿ, ಫೋನಿನ ಸೆಟ್ಟಿಂಗ್ಸ್‌ನಲ್ಲೂ ತುಂಬಿ, ಲಾಕ್ ಇದ್ದಾಗ್ಲೂ ಕಾಣೋ ಹಾಗೆ ಆನ್ ಮಾಡಿ. ಫೋನ್ ತೆಗೆದು ನೋಡೋದು ಬೇರೆಯವರು, ನಿಮ್ಮ ಪಾಸ್‌ವರ್ಡ್ ಅವರಿಗೆಲ್ಲಿ ಗೊತ್ತಿರುತ್ತೆ.

ನಂಬರುಗಳು: ಎಲ್ಲಾ ತುರ್ತಿಗೂ 112, ಕೋಸ್ಟ್ ಗಾರ್ಡ್ 1554, ಆಂಬುಲೆನ್ಸ್ 108, ನಿಮ್ಮ ಡೈವ್ ಸೆಂಟರ್. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅಂತ ಡೈವರ್‌ಗಳಿಗೆ ವೈದ್ಯಕೀಯ ಸಲಹೆ ಕೊಡೋ ಸಂಸ್ಥೆ ಇದೆ, ಎಲ್ಲರೂ ಡ್ಯಾನ್ ಅಂತಾರೆ, ಅವರ ತುರ್ತು ಲೈನ್ +1-919-684-9111, ಅಮೆರಿಕದ್ದು, ಹಾಗಾಗಿ ಐಎಸ್‌ಡಿ ಕಾಲ್ ಹೋಗುತ್ತಾ ಅಂತ ಮೊದ್ಲೇ ನೋಡ್ಕೊಳ್ಳಿ. ಮೊದ್ಲು ಇಲ್ಲಿನ ಆಂಬುಲೆನ್ಸ್‌ಗೆ, ಆಮೇಲೆ ಡ್ಯಾನ್‌ಗೆ, ಇದೇ ಕ್ರಮ.

ಈಗ ಜನ ಜಾಸ್ತಿ ಎಡವೋ ಕಡೆ ಬಂದ್ವಿ: ಲೊಕೇಶನ್. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಾಗಿಲ್ಲ, ನಡು ಸಮುದ್ರದಲ್ಲೂ ಫೋನ್ ಜಾಗ ಹೇಳುತ್ತೆ, ನೆಟ್ ಇಲ್ದಿದ್ರೆ ಸ್ವಲ್ಪ ತಡ ಆಗ್ಬಹುದು ಅಷ್ಟೇ, ಅದಕ್ಕೇ ಬೋಟ್ ಲಂಗರು ಹಾಕಿದ ತಕ್ಷಣ ಒಂದ್ಸಲ ಲೊಕೇಶನ್ ತೆಗೆದು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ತೊಂದರೆ ಇರೋದು ಓದಿ ಹೇಳೋದ್ರಲ್ಲಿ. ಮ್ಯಾಪ್ ಆಪ್ ಅಕ್ಷಾಂಶವನ್ನ, ಉದಾಹರಣೆಗೆ, 14.25 ಅಂತ ತೋರಿಸುತ್ತೆ, ಅದು ಡಿಗ್ರಿಯ ದಶಮಾಂಶ. ಬೋಟಿನ ಜಿಪಿಎಸ್ ಸಾಮಾನ್ಯವಾಗಿ ಡಿಗ್ರಿ, ಮಿನಿಟ್ ಲೆಕ್ಕದಲ್ಲಿ ತೋರಿಸುತ್ತೆ, ಒಂದು ಡಿಗ್ರಿಗೆ 60 ಮಿನಿಟ್. ಅಂದ್ರೆ 14.25 ಅಂದ್ರೆ 14 ಡಿಗ್ರಿ 15 ಮಿನಿಟ್. ಗಾಬರೀಲಿ ಅದನ್ನೇ ‘14 ಡಿಗ್ರಿ 25 ಮಿನಿಟ್’ ಅಂದ್ಬಿಟ್ರೆ? ಅಕ್ಷಾಂಶದ ಒಂದು ಮಿನಿಟ್ ಅಂದ್ರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. ಹತ್ತು ಮಿನಿಟ್ ತಪ್ಪಿದ್ರೆ 18.5 ಕಿಲೋಮೀಟರ್ ತಪ್ತು. ನೀವು ಹೊನ್ನಾವರದ ಹತ್ರ ಸಮುದ್ರದಲ್ಲಿ ಇರ್ತೀರ, ಹುಡುಕೋ ಬೋಟ್ ಕುಮಟಾ ಕಡೆ ಹೋಗಿರುತ್ತೆ. ಮುರುಡೇಶ್ವರದಿಂದ ನೇತ್ರಾಣಿಗೆ ಇರೋ ದೂರಾನೇ ಹೆಚ್ಚುಕಮ್ಮಿ ಅಷ್ಟು, ಅಂದ್ರೆ ಎಷ್ಟು ದೊಡ್ಡ ತಪ್ಪು ಅಂತ ಯೋಚ್ನೆ ಮಾಡಿ.

ಆದ್ರಿಂದ ಆಪ್ ಸೆಟ್ಟಿಂಗ್ಸ್‌ಗೆ ಹೋಗಿ ಡಿಗ್ರಿ-ಮಿನಿಟ್ ಆಯ್ಕೆ ಇದ್ರೆ ಅದನ್ನೇ ಇಟ್ಕೊಳ್ಳಿ. ಇಲ್ದಿದ್ರೆ ಚುಕ್ಕಿ ಆದ್ಮೇಲಿನ ಭಾಗವನ್ನ 60ರಿಂದ ಗುಣಿಸಿ: 0.25 ಗುಣಿಸು 60, ಹದಿನೈದು. ಲೆಕ್ಕ ಬೇಡ ಅನ್ಸಿದ್ರೆ ಇರೋ ಹಾಗೇ ಓದಿ, ‘ಹದಿನಾಲ್ಕು ಪಾಯಿಂಟ್ ಎರಡು ಐದು, ದಶಮಾಂಶ ಡಿಗ್ರಿ, ಉತ್ತರ’ ಅಂತ ಬಿಡಿಸಿ ಹೇಳಿ, ಆ ಕಡೆಯವರ ಹತ್ರ ವಾಪಸ್ ಹೇಳಿಸ್ಕೊಳ್ಳಿ. ಮನೇಲೇ ಒಂದ್ಸಲ ಜೋರಾಗಿ ಓದಿ ಅಭ್ಯಾಸ ಮಾಡಿ. ಬೋಟಲ್ಲಿ ವಿಎಚ್‌ಎಫ್ ರೇಡಿಯೋ ಇದ್ರೆ ಇದನ್ನೇ ತುರ್ತು ಕರೆಯ ಚಾನೆಲ್ 16ರಲ್ಲಿ ಹೇಳೋದು, ಸಮುದ್ರದಲ್ಲಿ ನನಗೆ ಫೋನಿಗಿಂತ ರೇಡಿಯೋ ಮೇಲೇ ನಂಬಿಕೆ. ಇನ್ನು ವಿದೇಶದಿಂದ ಬರೋ ನಮ್ಮವರಿಗೆ ಒಂದು ಮಾತು: ಸ್ಯಾಟಲೈಟ್ ಫೋನ್ ಅನುಮತಿ ಇಲ್ದೆ ತರಬೇಡಿ, ಇಲ್ಲಿ ಅದು ಕಾನೂನಿಗೆ ವಿರುದ್ಧ.

ದಡದಲ್ಲಿ ಒಬ್ಬರಿಗೆ ಬೋಟಿನ ಹೆಸರು, ವಾಪಸ್ ಬರೋ ಟೈಮ್ ಮೆಸೇಜ್ ಹಾಕಿ, ಎಷ್ಟೊತ್ತಿನ ತನಕ ಸುದ್ದಿ ಇಲ್ದಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತಾನೂ ಬರೀರಿ.

ಡೈವ್ ಮುಗಿದ್ಮೇಲೆ ಆಪ್ ಕೆಲ್ಸ ಮುಗೀತು ಅನ್ಕೋಬೇಡಿ. ಎಷ್ಟು ಆಳ, ಎಷ್ಟು ಹೊತ್ತು, ಮೇಲೆ ಬಂದಿದ್ದು ಎಷ್ಟೊತ್ತಿಗೆ, ಇದನ್ನ ಲಾಗ್‌ನಲ್ಲಿ ಹಾಕಿ, ‘ನೋ ಫ್ಲೈ’ ಟೈಮರ್ ಆನ್ ಮಾಡಿ. ಡ್ಯಾನ್ ಸಲಹೆ ಪ್ರಕಾರ ಒಂದೇ ಮಾಮೂಲಿ ಡೈವ್ ಆದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದ್ರೆ 18 ಗಂಟೆ ವಿಮಾನ ಹತ್ತಬಾರ್ದು. ಬೆಂಗಳೂರಿನವರು ಬಸ್ಸಲ್ಲಿ ತಾನೇ ಹೋಗೋದು ಅಂತಾರೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿಯಾಗಿ, ಡೈವ್ ಮಾಡುವಾಗ ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗ್ಬಹುದು, ಅದಕ್ಕೇ ಈ ಕಾಯೋದು. ಆ ಸಲಹೆ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ, ಬೆಂಗಳೂರು ಇರೋದು 900 ಮೀಟರ್ ಎತ್ತರದಲ್ಲಿ. ಎರಡು ಡೈವ್ ಮಾಡಿ ಅದೇ ರಾತ್ರಿ ಘಾಟಿ ಹತ್ತೋ ಬಸ್ ಬುಕ್ ಮಾಡ್ಬೇಡಿ, ಮಾರನೇ ದಿನದ್ದು ಮಾಡಿ.

ಕೀಲು ನೋವು, ಕೈಕಾಲು ಜುಮ್ ಅನ್ನೋದು, ಚರ್ಮದ ಮೇಲೆ ಕಲೆ, ವಿಪರೀತ ಸುಸ್ತು, ಇವು ಆ ಗುಳ್ಳೆಗಳಿಂದಾಗೋ ಡಿಕಂಪ್ರೆಶನ್ ಕಾಯಿಲೆಯ ಲಕ್ಷಣ, ಡೈವ್ ಆಗಿ ಎಷ್ಟೋ ಗಂಟೆ ಆದ್ಮೇಲೂ ಬರಬಹುದು. ಬಂದ್ರೆ ಮಲಗಿ ಎದ್ರೆ ಸರಿಹೋಗುತ್ತೆ ಅಂತ ಕಾಯದೆ ಡೈವ್ ಸೆಂಟರ್‌ಗೂ 108ಕ್ಕೂ ಫೋನ್ ಮಾಡಿ, ಆಕ್ಸಿಜನ್ ಬೇಕು ಅನ್ನಿ, ಮತ್ತೆ ಆಸ್ಪತ್ರೇಲಿ ಮೊದಲ ಮಾತೇ ‘ನಾನು ಸ್ಕೂಬಾ ಡೈವ್ ಮಾಡಿದೀನಿ’ ಅಂತ ಹೇಳಿ ಆ ಲಾಗ್ ತೋರ್ಸಿ.