ನಿಮ್ಮನ್ನು ಬಲ್ಲ ದೇವರ ಜೊತೆ ಮಾತು ಶುರು ಮಾಡುವುದು ಹೇಗೆ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಎತ್ತಿಡಿ. ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಕೆಲಸಗಾರರ ಹಾಜರಿ ಬರೆಯುವ ಕೆಲಸ. ಹಾಜರಿ ಕರೆಯಲು ನಿಂತರೆ ಆಮೇಲೆ ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಒಲೆ ಹಚ್ಚುವ ಮೊದಲೇ ಬೈಬಲ್ ತೆರೆಯುತ್ತೇನೆ.

ಹೊಸಬರು ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 139ನೇ ಕೀರ್ತನೆಯಿಂದ ಶುರು ಮಾಡಿ. 24 ವಚನಗಳಿವೆ, ಮೊದಲ ದಿನಕ್ಕೆ ನಾಲ್ಕು ಸಾಕು. ಬಾಯಿಬಿಟ್ಟು ಓದಿ. ನಾವು ಕೂರುವುದು, ಏಳುವುದು, ಇನ್ನೂ ನಾಲಿಗೆಗೆ ಬಾರದ ಮಾತು, ಎಲ್ಲವೂ ದೇವರಿಗೆ ಗೊತ್ತು ಅಂತ ಅಲ್ಲಿದೆ.

ಗೊತ್ತಿದ್ದ ಮೇಲೆ ಹೇಳೋದ್ಯಾಕೆ ಅಂತ ಕೆಲವರು ಕೇಳುತ್ತಾರೆ. ಮುಖ ನೋಡಿದರೇ ಅಮ್ಮನಿಗೆ ಎಲ್ಲ ತಿಳಿಯುತ್ತದೆ. ಆದರೂ ಪಕ್ಕದಲ್ಲಿ ಕೂತು ಹೇಳಿಕೊಳ್ಳುತ್ತೇವೆ, ಅಲ್ವಾ?

ಸುಮ್ನೆ "ಎಲ್ಲರನ್ನೂ ಆಶೀರ್ವದಿಸು" ಅಂತ ಮುಗಿಸಬೇಡಿ. ಜನವರಿಯಲ್ಲಿ ಕಣದ ತುಂಬ ಹಣ್ಣು ಹರಡಿರುವಾಗ ಮೋಡ ಕಟ್ಟಿತು ಅಂತಿಟ್ಟುಕೊಳ್ಳಿ. "ಸ್ವಾಮಿ, ಹಣ್ಣು ನೆನೆದರೆ ಬೂಷ್ಟು ಹಿಡಿಯುತ್ತೆ, ಸಾಹುಕಾರರಿಗೆ ಏನು ಹೇಳಲಿ, ಭಯ ಆಗ್ತಿದೆ" ಅಂತಲೇ ಹೇಳಿ.

ಸಿಟ್ಟು ಬಂದಿದ್ದರೆ ಅದನ್ನೂ ಹೇಳಿ. ಇದೇ ಕೀರ್ತನೆಯ 19ರಿಂದ 22ರವರೆಗೆ ಕೀರ್ತನೆಕಾರ ದುಷ್ಟರ ಮೇಲೆ ಹರಿಹಾಯುತ್ತಾನೆ. ಓದಲು ಮುಜುಗರ ಅಂತ ಈ ನಾಲ್ಕು ವಚನ ಬಿಟ್ಟು ಮುಂದೆ ಹೋಗಬೇಡಿ. ಅಷ್ಟೆಲ್ಲ ಕಾರಿದ ಮರುಗಳಿಗೆ, 23ನೇ ವಚನದಲ್ಲಿ, ಅವನು ತನ್ನ ಹೃದಯವನ್ನೇ ದೇವರ ಮುಂದಿಟ್ಟು ಶೋಧಿಸು ಅನ್ನುತ್ತಾನೆ. ದೇವರು ತನ್ನನ್ನು ಆಗಲೇ ಶೋಧಿಸಿದ್ದಾನೆ ಅಂತ ಮೊದಲ ವಚನದಲ್ಲೇ ಹೇಳಿದವನು ಇವನೇ! ಈಗ ತಾನಾಗಿ ಬಾಗಿಲು ತೆಗೆಯುತ್ತಿದ್ದಾನೆ. ನನಗೆ ಇಡೀ ಕೀರ್ತನೆಯಲ್ಲಿ ಇದಕ್ಕಿಂತ ದೊಡ್ಡ ಜಾಗ ಇಲ್ಲ. ಇಲ್ಲಿ ಎಷ್ಟು ದಿನ ಬೇಕಾದರೂ ನಿಲ್ಲಿ. ಸಿಟ್ಟು ಯಾರ ಮೇಲಿದೆಯೋ ಅವರ ಹೆಸರು ಹೇಳಿ, ಆಮೇಲೆ ಆ ವಚನ ಓದಿ.

ಓದಿದ ಮೇಲೆ ಸ್ವಲ್ಪ ಹೊತ್ತು ಮಾತಾಡದೆ ಕೂತಿರಿ. ಯಾರದೋ ನೆನಪು ಬಂದರೆ ಅವತ್ತೇ ಅವರಲ್ಲಿಗೆ ಹೋಗಿ. ಯೋಹಾನನ ಸುವಾರ್ತೆ 10:27ರಲ್ಲಿ ಯೇಸು ತನ್ನ ಕುರಿಗಳನ್ನು ಬಲ್ಲೆ ಅನ್ನುತ್ತಾರೆ, ಅವು ತನ್ನ ಹಿಂದೆ ಬರುತ್ತವೆ ಅಂತಲೂ ಅನ್ನುತ್ತಾರೆ. ಹಿಂದೆ ಹೋಗುವುದು ಅಂದರೆ ನನ್ನ ಮಟ್ಟಿಗೆ ಎಷ್ಟೋ ಸಲ ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ, ಹೋಗುವುದು. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆದರೆ ಲೆಕ್ಕಕ್ಕೆ ನನ್ನ ಕೆಲಸ ಮುಗಿಯಿತು. ಆದರೆ ಆ ಅಕ್ಕ ಯಾಕೆ ಬರಲಿಲ್ಲ, ಜ್ವರವಾ, ಹೊಸಿಲ ಹತ್ತಿರ ಆನೆ ಬಂದು ಹೆದರಿದರಾ? ಹೋಗಿ ಕೇಳಿ. ಗಂಜಿಗೆ ಅಕ್ಕಿ ಇದೆಯಾ ನೋಡಿ.

ಕೆಲವು ದಿನ ಏನು ಓದಿದರೂ ಮನಸ್ಸಿಗೆ ನಾಟುವುದಿಲ್ಲ. ಅವತ್ತು ಗಲಾತ್ಯ 4:9 ಒಂದೇ ಓದಿ, ಅದು ಅಪೊಸ್ತಲ ಪೌಲ ಗಲಾತ್ಯದ ಸಭೆಗಳಿಗೆ ಬರೆದ ಪತ್ರ. ನೀವು ದೇವರನ್ನು ತಿಳಿದಿದ್ದೀರಿ ಅಂತ ಶುರು ಮಾಡಿದ ಪೌಲ, ಅಲ್ಲೇ ಮಾತು ತಿದ್ದಿ, ದೇವರೇ ನಿಮ್ಮನ್ನು ತಿಳಿದಿದ್ದಾನೆ ಅನ್ನುತ್ತಾನೆ. ಅಷ್ಟು ಓದಿ, ಆಮೆನ್ ಹೇಳಿ, ಕೆಲಸಕ್ಕೆ ಹೊರಡಿ.