ಬೈಕಿನ ಕಪ್ಪು ವೈರಿಗೆ ಒಂದೇ ಅರ್ಥವಿಲ್ಲ

ಕಲಬುರಗಿಯ ನಮ್ಮ ಮನೆಯ ಅಂಗಳದ ಪರಸಿ ಕಲ್ಲಿನ ಮೇಲೆ ಅಂಗೈಯಗಲದ ಒಂದು ಕಪ್ಪು ಕಲೆ ಇದೆ. ಎಣ್ಣೆಯದಲ್ಲ, ಕರಗಿ ತೊಟ್ಟಿಕ್ಕಿದ ವೈರಿನದು. ಕಾಕಾ ಬಿಟ್ಟುಹೋದ ಹಳೆಯ ಹೀರೋ ಹೋಂಡಾ ಸ್ಪ್ಲೆಂಡರಿನ ಚೌಕಟ್ಟಿಗೆ ಹೊಸ ಬಣ್ಣ ಹೊಡೆಸಿ ತಂದಿದ್ದೆ. ವೈರಿಂಗ್ ಕೂಡಿಸುವಷ್ಟಕ್ಕೆ ಮತ್ತೊಬ್ಬರೇಕೆ ಎಂದು ನಾನೇ ಕುಳಿತೆ. ಸೀಟಿನ ಕೆಳಗೆ ಒಂದು ಕಪ್ಪು ವೈರು ಒಂಟಿಯಾಗಿ ತೂಗುತ್ತಿತ್ತು. ನಾನು ಕೈ ಪಳಗಿಸಿಕೊಂಡದ್ದು ಯಮಹಾ ಆರ್‌ಎಕ್ಸ್ 100ರ ಮೇಲೆ. ಅದರಲ್ಲಿ ಕಪ್ಪು ಎಂದರೆ ಅರ್ಥ್, ಅಂದರೆ ವಿದ್ಯುತ್ತು ಚೌಕಟ್ಟಿನ ಮೂಲಕ ಬ್ಯಾಟರಿಗೆ ಮರಳುವ ದಾರಿ. ಇದನ್ನೂ ಹಾಗೆಯೇ ಚೌಕಟ್ಟಿನ ಬೋಲ್ಟಿಗೆ ಬಿಗಿದು ಕೀಲಿ ತಿರುಗಿಸಿದೆ. ಫ್ಯೂಸ್ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಮೂರನೆಯದು ಮನೆಯಲ್ಲಿರಲಿಲ್ಲ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನು ಸುತ್ತಿ ಹಾಕಿದೆ. ಅದು ಹೋಗಲಿಲ್ಲ, ವೈರಿಂಗ್ ಹೋಯಿತು.

ಹೋಂಡಾ ಮೂಲದ ಬೈಕುಗಳಲ್ಲಿ ಅರ್ಥ್ ವೈರು ಹಸಿರು. ಕಪ್ಪು ವೈರು ಕೀಲಿ ತಿರುಗಿಸಿದೊಡನೆ ಬ್ಯಾಟರಿಯ ವಿದ್ಯುತ್ತನ್ನು ಹಾರ್ನಿಗೆ, ಇಂಡಿಕೇಟರಿಗೆ ಒಯ್ಯುವ ವೈರು. ಯಮಹಾದಲ್ಲಿ ಆ ಕೆಲಸ ಕಂದು ವೈರಿನದು. ಬ್ಯಾಟರಿಯ ಪ್ಲಸ್ಸಿನಿಂದ ಹೊರಡುವ ಕೆಂಪು ವೈರು ಮಾತ್ರ ಎರಡರಲ್ಲೂ ಒಂದೇ. ಇಷ್ಟು ಗೊತ್ತಿದ್ದರೆ ನನ್ನ ಪರಸಿ ಕಲ್ಲು ಹಾಳಾಗುತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಮೊದಲ ಫ್ಯೂಸ್ ಹೋದಾಗ ಕೈ ಹಿಂದೆ ತೆಗೆದಿದ್ದರೆ ಸಾಕಿತ್ತು. ಓಣಿಯ ತುದಿಯಲ್ಲಿ ನಲವತ್ತು ವರ್ಷಗಳಿಂದ ಗಾಡಿಗಳ ವೈರಿಂಗ್ ಮಾಡುತ್ತಿರುವ ಉಸ್ತಾದರು ಬಂದರು. ಸುಟ್ಟ ವೈರುಗಳ ಕಡೆ ನೋಡಲೂ ಇಲ್ಲ, ನೇರವಾಗಿ ಫ್ಯೂಸಿನ ಡಬ್ಬಿ ತೆರೆದು, ಬೆಳ್ಳಿ ಕಾಗದವನ್ನು ಬೆಳಕಿಗೆ ಹಿಡಿದು, "ಇದು ಯಾವ ಸಿಗರೇಟು ತಮ್ಮಾ?" ಎಂದು ಕೇಳಿದರು. ಮುಂದೆ ಬರೆಯುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಇನ್ನರ್ಧ ಕೈ ಸುಟ್ಟುಕೊಂಡು ಕಲಿತದ್ದು.

ಬಿಚ್ಚುವ ಮೊದಲು

ಹನ್ನೆರಡು ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಸಸಾರ ಹುಟ್ಟುವುದೇ ಅಲ್ಲಿಂದ. ಮನೆಯ ಸ್ವಿಚ್ಚಿಗೆ ಹೆದರುವವರೂ ಬೈಕಿನ ಬ್ಯಾಟರಿಯ ಮೇಲೆ ಪಾನಾ ಇಟ್ಟು ಚಹಾ ಕುಡಿಯಲು ಹೋಗುತ್ತಾರೆ. ಒಣಗಿದ ಚರ್ಮವನ್ನು ದಾಟುವ ಶಕ್ತಿ ಹನ್ನೆರಡು ವೋಲ್ಟಿಗೆ ಇಲ್ಲ, ನಿಜ. ಕಬ್ಬಿಣ ಅಡ್ಡ ಬಂದರೆ ಮಾತು ಬೇರೆ. ಅಂಗೈ ಗಾತ್ರದ ಬ್ಯಾಟರಿ ಕೂಡ ಆ ಕ್ಷಣಕ್ಕೆ ಹತ್ತಾರು ಆಂಪಿಯರ್ ಕಕ್ಕುತ್ತದೆ. ಪ್ಲಸ್ ತುದಿಗೂ ಚೌಕಟ್ಟಿಗೂ ನಡುವೆ ನಿಮ್ಮ ಉಂಗುರ ಸಿಕ್ಕರೆ, ಅದು ಕಾದು ಕೆಂಪಾಗುವುದರೊಳಗೆ ಬೆರಳಿನಿಂದ ತೆಗೆಯಲಾಗುವುದಿಲ್ಲ. ಉಂಗುರ, ಕಡಗ, ಸ್ಟೀಲ್ ಪಟ್ಟಿಯ ಗಡಿಯಾರವನ್ನು ಮೊದಲೇ ಒಳಗೆ ಇಟ್ಟು ಬನ್ನಿ.

ಎರಡನೆಯದು ಪೆಟ್ರೋಲು. ಬಹುತೇಕ ಬೈಕುಗಳಲ್ಲಿ ವೈರುಗಳ ಮುಖ್ಯ ಕಟ್ಟು ಹಾದುಹೋಗುವುದು ಟ್ಯಾಂಕಿನ ಕೆಳಗೆ. ಅಂದರೆ ಕಿಡಿ ಹಾರುವ ಜಾಗದ ನೆತ್ತಿಯ ಮೇಲೆಯೇ ಹತ್ತು ಲೀಟರ್ ಪೆಟ್ರೋಲು. ಕಾಕ್ ಮುಚ್ಚಿ, ಪೈಪು ಬಿಡಿಸಿ, ಟ್ಯಾಂಕನ್ನು ಇಳಿಸಿ ದೂರ ಇಡಿ. ದೂರ ಎಂದರೆ ಅಂಗಳದ ಇನ್ನೊಂದು ಮೂಲೆ. ಅಡುಗೆಮನೆಯ ಬಾಗಿಲಲ್ಲ, ದೇವರ ದೀಪದ ಮಗ್ಗುಲಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಬಿಸಿಲಿನಲ್ಲಿ ಪೆಟ್ರೋಲಿನ ಆವಿ ಇನ್ನೂ ಬೇಗ ಏಳುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ, ಬೇವಿನ ನೆರಳಿನಲ್ಲಿ ಕೂಡುವುದು ಮೇಲು.

ಮೂರನೆಯ ಕೆಲಸ ಮೊಬೈಲಿನದು. ಒಂದೊಂದು ಕನೆಕ್ಟರ್ ಬಿಚ್ಚುವ ಮುನ್ನ ಹತ್ತಿರದಿಂದ ಒಂದು, ದೂರದಿಂದ ಒಂದು ಫೋಟೊ ತೆಗೆಯಿರಿ. ಕಾಗದದ ಟೇಪಿನ ಚೂರಿನಲ್ಲಿ "ಬಲ ಇಂಡಿಕೇಟರ್", "ಬ್ರೇಕ್ ಸ್ವಿಚ್" ಎಂದು ಬರೆದು ವೈರಿಗೆ ಅಂಟಿಸಿ. ನೆನಪಿರುತ್ತದೆ ಎನ್ನುವವರು ಮೂರು ವಾರದ ನಂತರ, ಬಣ್ಣದ ಕೆಲಸ ಮುಗಿಸಿ ಗಾಡಿ ಮನೆಗೆ ಬಂದ ದಿನ, ನನ್ನ ಹಾಗೆ ಒಂಟಿ ವೈರನ್ನು ದಿಟ್ಟಿಸುತ್ತಾ ಕೂಡುತ್ತಾರೆ.

ಬ್ಯಾಟರಿ ಬಿಡಿಸುವ ಕ್ರಮ

ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಕಟ್ಟಬೇಕು ಎಂದು ಎಲ್ಲರೂ ಹೇಳುತ್ತಾರೆ. ಕಾರಣ ತಿಳಿದಿದ್ದರೆ ಮರೆಯುವುದಿಲ್ಲ. ಮೈನಸ್ ತುದಿ ಇಡೀ ಚೌಕಟ್ಟಿಗೆ ಸೇರಿರುತ್ತದೆ. ಅದು ಸೇರಿರುವಾಗಲೇ ಪ್ಲಸ್ ನಟ್ಟಿಗೆ ಪಾನಾ ಹಾಕಿದರೆ, ಪಾನಾದ ಇನ್ನೊಂದು ತುದಿ ಚೌಕಟ್ಟಿಗೆ ತಗುಲಿದೊಡನೆ ಶಾರ್ಟ್, ಅಂದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಒಮ್ಮೆಲೇ ನುಗ್ಗುತ್ತದೆ. ಮೈನಸ್ ಬಿಚ್ಚಿದ ಮೇಲೆ ಅದೇ ಪಾನಾ ಚೌಕಟ್ಟಿಗೆ ಎಲ್ಲಿ ತಗುಲಿದರೂ ಏನೂ ಆಗುವುದಿಲ್ಲ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅವುಗಳಲ್ಲಿ ಚೌಕಟ್ಟಿಗೆ ಸೇರುತ್ತಿದ್ದುದು ಹೆಚ್ಚಾಗಿ ಪ್ಲಸ್. ಆದ್ದರಿಂದ ಚೌಕಟ್ಟಿಗೆ ಹೋಗುವ ವೈರು ಯಾವುದೋ ಅದನ್ನು ಮೊದಲು ಬಿಚ್ಚಿ ಎಂದು ಹೇಳಿದರೆ ಎಲ್ಲ ಗಾಡಿಗೂ ಹೊಂದುತ್ತದೆ. ಮರಳಿ ಕೂಡಿಸುವಾಗ ಪ್ಲಸ್ ಮೈನಸ್ ಅದಲುಬದಲಾದರೆ ರೆಕ್ಟಿಫೈಯರಿನ (ಎಂಜಿನ್ ಹುಟ್ಟಿಸುವ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಒಮ್ಮುಖ ಮಾಡುವ ಭಾಗ) ಡಯೋಡುಗಳು ಕಣ್ಣು ಮಿಟುಕಿಸುವುದರೊಳಗೆ ಸಾಯುತ್ತವೆ. ಅದಕ್ಕೆ ರಿಪೇರಿ ಇಲ್ಲ, ಹೊಸದೇ ತರಬೇಕು.

ಇನ್ನೊಂದು ನಮ್ಮ ಜಿಲ್ಲೆಯ ವಿಶೇಷ: ಟ್ರ್ಯಾಕ್ಟರ್ ಬ್ಯಾಟರಿ. ಹೊಲದಲ್ಲಿ ಬೈಕು ಚಾಲೂ ಆಗದಿದ್ದರೆ ಟ್ರ್ಯಾಕ್ಟರಿನಿಂದ ಎರಡು ವೈರು ಎಳೆದು ಕಿಕ್ ಹೊಡೆಯುವುದು. ಹಳೆಯ ರಾಜದೂತ್ 175, ಡೈನಮೊ ಇರುವ ಹಳೆಯ ಜಾವಾ 6 ವೋಲ್ಟಿನವು. ಟ್ರ್ಯಾಕ್ಟರ್ 12 ವೋಲ್ಟಿನದು. ಒಂದೇ ಸಲಕ್ಕೆ ಇದ್ದಬದ್ದ ಬಲ್ಬುಗಳೆಲ್ಲ ಹೋಗುತ್ತವೆ. ಬ್ಯಾಟರಿಯ ಮೇಲೆ ನೀರು ತುಂಬುವ ಮುಚ್ಚಳ ಮೂರಿದ್ದರೆ 6 ವೋಲ್ಟ್, ಆರಿದ್ದರೆ 12.

ಶಾರ್ಟ್ ಹುಡುಕಲು ಒಂದು ಬಲ್ಬು ಸಾಕು

ಕೀಲಿ ತಿರುಗಿಸಿದೊಡನೆ ಫ್ಯೂಸ್ ಹೋಗುತ್ತಿದ್ದರೆ ಫ್ಯೂಸಿನ ಮೇಲೆ ಫ್ಯೂಸ್ ಸುಡುವುದು ದುಡ್ಡಿನ ದಂಡ. ದಪ್ಪ ಫ್ಯೂಸ್ ಹಾಕುವುದು, ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಉಸ್ತಾದರು ಮಾಡಿದ್ದು ಇಷ್ಟೇ. ಬ್ರೇಕ್ ದೀಪದ 12 ವೋಲ್ಟ್, 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದು, ಫ್ಯೂಸ್ ತೆಗೆದ ಜಾಗದ ಎರಡು ತುದಿಗಳಿಗೆ ಅವನ್ನು ಸಿಕ್ಕಿಸಿದರು. ಒಳಗೆ ಎಂಥ ಶಾರ್ಟ್ ಇದ್ದರೂ ಆ ಬಲ್ಬನ್ನು ದಾಟಿ 2 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ವೈರು ಬಿಸಿಯಾಗುವ ಭಯವಿಲ್ಲದೆ ಗಂಟೆಗಟ್ಟಲೆ ಹುಡುಕಬಹುದು.

ಕೀಲಿ ತಿರುಗಿಸಿ. ಬಲ್ಬು ಪೂರ್ತಿ ಬೆಳಗಿದರೆ ಶಾರ್ಟ್ ಇದೆ. ಮಂದವಾಗಿ ಬೆಳಗಿದರೆ ಅದು ಯಾವುದೋ ಸಣ್ಣ ದೀಪದ ಸಹಜ ಬಳಕೆ ಇರಬಹುದು, ಗಾಬರಿ ಬೇಡ. ಈಗ ಒಂದೊಂದೇ ಕನೆಕ್ಟರ್ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ಬಲ್ಬು ಮಂಕಾಯಿತೋ ದೋಷ ಅದರ ಆಚೆಗಿದೆ. ಕೈಯಲ್ಲಿ ವೈರುಗಳ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸಿ. ಬಲ್ಬು ಮಿನುಗಿದ ಜಾಗವೇ ಗಾಯದ ಜಾಗ. ಹ್ಯಾಂಡಲ್ ತಿರುಗುವಲ್ಲಿ ಕುತ್ತಿಗೆಯ ಹತ್ತಿರ, ಟ್ಯಾಂಕಿನ ತಳ ಒತ್ತುವಲ್ಲಿ, ಹಿಂದಿನ ಮಡ್‌ಗಾರ್ಡಿನ ಬೋಲ್ಟು ತಿಕ್ಕುವಲ್ಲಿ ಮೊದಲು ನೋಡಿ. ನಮ್ಮ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಕೊಂಡ ವೈರಿನ ಹೊದಿಕೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಒಂದು ಕಡೆ ಬಿರುಕು ಕಂಡರೆ ತೇಪೆ ಹಾಕಬೇಡಿ, ಆ ಉದ್ದದ ವೈರನ್ನೇ ಬದಲಿಸಿ.

ಮಲ್ಟಿಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ. ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿನಲ್ಲೇ ಮರೆತು ಬ್ಯಾಟರಿಯ ವೋಲ್ಟ್ ನೋಡಲು ಹೋದರೆ ಮೀಟರೇ ಒಂದು ದಪ್ಪ ತಂತಿಯಾಗಿ ಶಾರ್ಟ್ ಮಾಡುತ್ತದೆ. ನಾನು ಹೀಗೆ ಒಂದು ಮೀಟರನ್ನು ಕಳೆದುಕೊಂಡಿದ್ದೇನೆ.

ಬಣ್ಣದ ಕೆಳಗೆ ಅಡಗಿದ ಅರ್ಥ್

ಗಾಡಿಗೆ ಹೊಸ ಬಣ್ಣ ಬಂದ ಮೇಲೆ ವಿಚಿತ್ರ ರೋಗಗಳು ಶುರುವಾಗುತ್ತವೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗುತ್ತದೆ, ಹಾರ್ನ್ ಒತ್ತಿದರೆ ಟೇಲ್ ಲ್ಯಾಂಪ್ ನಡುಗುತ್ತದೆ. ಅಂಗಡಿಗೆ ಒಯ್ದರೆ ಹಾರ್ನು ಬದಲಿಸುತ್ತಾರೆ, ಸ್ವಿಚ್ಚು ಬದಲಿಸುತ್ತಾರೆ, ರೋಗ ಹಾಗೆಯೇ ಇರುತ್ತದೆ. ಆಗಿರುವುದೇನೆಂದರೆ, ಅರ್ಥ್ ವೈರಿನ ಬೋಲ್ಟು ಕೂಡುವ ಜಾಗಕ್ಕೂ ಬಣ್ಣ ಹೊಡೆದಿದ್ದಾರೆ. ಬಣ್ಣದ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ತನ್ನ ದಾರಿ ಮುಚ್ಚಿದ್ದರಿಂದ ಅದು ಬೇರೊಂದು ಬಲ್ಬಿನ ತಂತಿಯ ಮೂಲಕ ಸುತ್ತುಹಾಕಿ ಬ್ಯಾಟರಿಗೆ ಮರಳುತ್ತದೆ.

ವಾಷರಿನ ಅಗಲದಷ್ಟು ಜಾಗವನ್ನು ಪಾಲಿಶ್ ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಲಗ್ (ವೈರಿನ ತುದಿಯ ಲೋಹದ ಬಳೆ) ಇಟ್ಟು ಬಿಗಿದು, ಮೇಲೆ ತುಸು ವ್ಯಾಸಲೀನ್ ಸವರಿ, ತುಕ್ಕು ಹಿಡಿಯುವುದಿಲ್ಲ. ಹೊಸ ಬಣ್ಣವನ್ನು ಕೆರೆಯಲು ಮನಸ್ಸು ಬರುವುದಿಲ್ಲ, ನನಗೂ ಬಂದಿರಲಿಲ್ಲ. ಪರೀಕ್ಷೆ ಬೇಕಿದ್ದರೆ ಇಂಡಿಕೇಟರ್, ಬ್ರೇಕ್ ದೀಪ ಹಾಕಿಟ್ಟು, ಬ್ಯಾಟರಿಯ ಮೈನಸ್ಸಿಗೂ ಚೌಕಟ್ಟಿನ ಬರಿ ಲೋಹಕ್ಕೂ ನಡುವೆ ವೋಲ್ಟ್ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. 0.2 ದಾಟಿದರೆ ಇನ್ನೊಮ್ಮೆ ಉಜ್ಜಿ.

ವೈರಿಗೆ ವೈರು ಹೊಸೆದು ಟೇಪು ಸುತ್ತುವುದು ತಾತ್ಕಾಲಿಕ ಕೂಡ ಅಲ್ಲ. ಎಂಜಿನಿನ ಕಾವಿಗೆ, ಹೊರಗಿನ ಝಳಕ್ಕೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಏರಿಸಿ, ಅಥವಾ ಲಗ್ ಒತ್ತಿ. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ತಂತಿ ಬೈಕಿನ ನಡುಕಕ್ಕೆ ತುಂಡಾಗುತ್ತದೆ. ಹಲವು ಎಳೆಗಳ ಆಟೊ ಕೇಬಲ್ಲೇ ಬೇಕು.

ಪಾಯಿಂಟ್ ಗಾಡಿ, ಸಿಡಿಐ ಗಾಡಿ

ಪಾಯಿಂಟ್ (ಕಿಡಿ ಹುಟ್ಟಿಸುವ ಕಾಯಿಲಿಗೆ ವಿದ್ಯುತ್ತು ಬಿಟ್ಟು ತಡೆಯುವ ಸಣ್ಣ ಸ್ವಿಚ್ಚು) ಮತ್ತು ಬ್ಯಾಟರಿಯಿಂದ ಕಿಡಿ ಪಡೆಯುವ ಹಳೆಯ ಬುಲೆಟ್, ಜಾವಾಗಳಲ್ಲಿ ಕೀಲಿ ಆನ್ ಇಟ್ಟು ಎಂಜಿನ್ ನಿಲ್ಲಿಸಿ ಕೂತು ಮಾತಾಡಬಾರದು. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಬ್ಯಾಟರಿ ಬರಿದಾಗುತ್ತದೆ, ಕಾಯಿಲ್ ಕಾದು ಸುಡುತ್ತದೆ. ಬುಲೆಟ್ಟಿನವರಿಗೆ ಹೆಡ್‌ಲೈಟಿನ ಮೇಲಿನ ಅಮ್ಮೀಟರ್ ಇದನ್ನು ತೋರಿಸುತ್ತದೆ: ಮುಳ್ಳು ಮೈನಸ್ ಕಡೆ ವಾಲಿದ್ದರೆ ಪಾಯಿಂಟ್ ಮುಚ್ಚಿದೆ ಎಂದು.

ಸ್ಪ್ಲೆಂಡರ್‌ನಂಥ ಸಿಡಿಐ (ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಡಬ್ಬಿ ಕಿಡಿ ಕೊಡುವ) ಗಾಡಿಗಳಲ್ಲಿ ವ್ಯವಹಾರ ಉಲ್ಟಾ. ಹಳೆಯವುಗಳಲ್ಲಿ ಕಿಡಿಗೆ ಬ್ಯಾಟರಿ ಬೇಡವೇ ಬೇಡ. ಕೀಲಿ ಆಫ್ ಮಾಡಿದಾಗ ಒಂದು ವೈರು ಅರ್ಥಿಗೆ ತಗುಲಿ ಎಂಜಿನ್ ನಿಲ್ಲುತ್ತದೆ. ಆದ್ದರಿಂದ ಕೀಲಿಯ ಕನೆಕ್ಟರ್ ಬಿಡಿಸಿ ಕಿಕ್ ಹೊಡೆದರೆ ಎಂಜಿನ್ ಚಾಲೂ ಆಗುತ್ತದೆ, ನಿಲ್ಲಿಸಲು ಮಾತ್ರ ಕೀಲಿಯಿಂದ ಆಗುವುದಿಲ್ಲ. ಅಂಗಳದ ತುಂಬ ಹೊಗೆ ತುಂಬಿದಾಗ ಇದು ಗೊತ್ತಾಗುವುದು ಒಳ್ಳೆಯದಲ್ಲ.

ಕಿಡಿ ನೋಡುವ ರೀತಿ ಎರಡಕ್ಕೂ ಒಂದೇ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನಿನ ತಲೆಗೆ ತಾಗಿಸಿಡಿ, ಕೈಯಲ್ಲಿ ಹಿಡಿಯಬೇಡಿ. ಇಲ್ಲಿರುವುದು 12 ವೋಲ್ಟ್ ಅಲ್ಲ, ಸಾವಿರಾರು ವೋಲ್ಟ್, ಇದು ಹೊಡೆಯುತ್ತದೆ. ಕ್ಯಾಪನ್ನು ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆದರೆ ಕಿಡಿಗೆ ದಾರಿ ಸಿಗದೆ ಕಾಯಿಲ್ ಅಥವಾ ಸಿಡಿಐ ಒಳಗೇ ಹಾಳಾಗಬಹುದು. ಪ್ಲಗ್ಗನ್ನು ಅದು ಬಿಚ್ಚಿಬಂದ ತೂತಿನ ಬಾಯಿಯಿಂದ ದೂರ ಇಡಿ. ಪೆಟ್ರೋಲು ಕುಡಿದು ನಿಂತ ಟೂ ಸ್ಟ್ರೋಕ್ ಎಂಜಿನ್ ಕಿಕ್ ಹೊಡೆದಾಗ ಆ ತೂತಿನಿಂದ ತುಂತುರು ಉಗುಳುತ್ತದೆ, ಎದುರಿಗೆ ಕಿಡಿ.

ಸ್ಟ್ಯಾಂಡಿಗೋ ಸೈಲೆನ್ಸರ್ ಕ್ಲಾಂಪಿಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ವೈರು, ಸಿಡಿಐ, ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟನ್ನು ಹಿಡಿತದಲ್ಲಿಡುವ ಭಾಗ) ಬಿಡಿಸಿರಬೇಕು. ವೆಲ್ಡಿಂಗಿನವರು ಹೇಳುವುದಿಲ್ಲ, ನೀವೇ ಮಾಡಿಕೊಂಡು ಹೋಗಬೇಕು.

ನೀರು, ಚಾರ್ಜು

ನೀರು ಹಾಕುವ ಬ್ಯಾಟರಿಗೆ ಬೋರ್‌ವೆಲ್ ನೀರು ಹಾಕುವವರನ್ನು ಕಂಡಿದ್ದೇನೆ. ನಮ್ಮ ಗಡಸು ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಬಿಡುತ್ತದಲ್ಲ, ಅದೇ ಲವಣ ಬ್ಯಾಟರಿಯ ಫಲಕಗಳನ್ನು ಕೆಡಿಸುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. ಆ್ಯಸಿಡ್ ಹಾಕುವುದು ಹೊಸ ಬ್ಯಾಟರಿಗೆ ಮೊದಲ ಸಲ ಮಾತ್ರ; ಆಮೇಲೆ ಆವಿಯಾಗುವುದು ನೀರು, ಆ್ಯಸಿಡ್ ಅಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಿ.

ಹೊರಗಿನ ಚಾರ್ಜರ್ ಹಾಕಿದರೆ ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಪಾಲು ಆಂಪಿಯರ್ ಸಾಕು. ಸ್ಪ್ಲೆಂಡರಿನ 2.5 ಆಂಪಿಯರ್ ಅವರ್ ಬ್ಯಾಟರಿಗೆ 0.25. ಕಾರಿನ ಚಾರ್ಜರಿಗೆ ಸಿಕ್ಕಿಸಿದರೆ ಅದು ಕುದಿಯುತ್ತದೆ. ಚಾರ್ಜಾಗುವಾಗ ಹೈಡ್ರೋಜನ್ ಹೊರಬರುವುದರಿಂದ ಮುಚ್ಚಳ ಸಡಿಲಿಸಿ, ಗಾಳಿಯಾಡುವ ಕಡೆ ಇಡಿ, ಹತ್ತಿರ ಬೀಡಿ ಬೇಡ. ಚಾರ್ಜರ್ ಮೊದಲು ಆಫ್ ಮಾಡಿ, ಆಮೇಲೆ ಕ್ಲಿಪ್ ಕೀಳಿ.

ಎಲ್ಲ ಕೂಡಿಸಿದ ಮೇಲೆ ಮೊದಲ ಸಲ ಕೀಲಿ ತಿರುಗಿಸುವುದು ಫ್ಯೂಸಿನ ಜಾಗದಲ್ಲಿ ಆ ಬಲ್ಬು ಇದ್ದಾಗಲೇ. ಬಲ್ಬು ಪೂರ್ತಿ ಬೆಳಗದಿದ್ದರೆ ಅದನ್ನು ತೆಗೆದು ಫ್ಯೂಸ್ ಹಾಕಿ. ಚಾರ್ಜಾಗಿ ಕೆಲವು ಗಂಟೆ ವಿಶ್ರಾಂತಿ ಪಡೆದ 12 ವೋಲ್ಟ್ ಬ್ಯಾಟರಿ 12.6 ತೋರಿಸಬೇಕು. ಟ್ಯಾಂಕ್ ಏರಿಸಿ, ಅದರ ತಳ ಯಾವ ವೈರನ್ನೂ ಒತ್ತುತ್ತಿಲ್ಲವೆಂದು ಟಾರ್ಚ್ ಹಿಡಿದು ನೋಡಿ. ಎಂಜಿನ್ ಚಾಲೂ ಮಾಡಿ ತುಸು ಆಕ್ಸಿಲರೇಟರ್ ಕೊಟ್ಟರೆ 13.8ರಿಂದ 14.5ರ ನಡುವೆ ಏರಬೇಕು. 13ಕ್ಕೂ ಏರದಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಗಾಡಿ ಓಡಿಸಬೇಡಿ. ಸೀಟು ಕೂಡಿಸುವ ಮುನ್ನ, ಡಬ್ಬಿಯಲ್ಲಿರುವಷ್ಟೇ ಆಂಪಿಯರಿನ ಇನ್ನೆರಡು ಫ್ಯೂಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ಟೇಪು ಹಚ್ಚಿ ಅಂಟಿಸಿಡಿ.