ಮನೆ ಚಿಕ್ಕದಾದರೂ ಬೆಕ್ಕಿನ ಟ್ರೇ ದೊಡ್ಡದಿರಲಿ

ಬೆಂಗಳೂರಿನ ಒನ್ ಬಿಎಚ್‌ಕೆಗಳಲ್ಲಿ ಬೆಕ್ಕು ಸಾಕಿದ ಗೆಳೆಯರು ನನಗೆ ಜಾಸ್ತಿ. ಕೆಲವರ ಮನೆ ಬಾಗಿಲು ತೆರೆದ ಕೂಡಲೇ ಬೆಕ್ಕು ಉಚ್ಚೆ ಕಕ್ಕಸಿಗೆ ಕೂರುವ ಮರಳಿನ ಟ್ರೇ ಎಲ್ಲಿದೆ ಅಂತ ಮೂಗೇ ಹೇಳುತ್ತದೆ. ಕಾಫಿ ಬರುವ ಮುಂಚೆ ದೂರು ಬರುತ್ತದೆ: ಹಾಸಿಗೆ ಮೇಲೇ ಉಚ್ಚೆ ಹೊಯ್ಯುತ್ತೆ, ಮಹಾ ಹಠಮಾರಿ. ಹಠಮಾರಿ ಯಾರು ಅಂತ ಟ್ರೇ ನೋಡಿದರೆ ತಿಳಿಯುತ್ತದೆ. ಊಟದ ತಟ್ಟೆಯಷ್ಟಗಲ, ಘಮಘಮ ಮರಳು, ಪಕ್ಕದಲ್ಲೇ ತಿನ್ನುವ ಬಟ್ಟಲು!

ಮೊದಲು ನೆಟ್. ಬೆಕ್ಕು ತರುವ ಮುಂಚೆಯೇ ಬಾಲ್ಕನಿಗೆ, ಕಿಟಕಿಗೆ ಹಾಕಿಸಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿ ಮರೆಯಬೇಡಿ. ಮರಿಯ ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಬೆಕ್ಕು ಹೇಗೆ ಬಿದ್ದರೂ ಕಾಲೂರುತ್ತದೆ ಅನ್ನುತ್ತಾರಲ್ಲ, ನಾಲ್ಕನೇ ಮಹಡಿಯಿಂದ ಹಾಗೆ ಬಿದ್ದರೂ ದವಡೆ ಒಡೆಯಬಹುದು, ಎದೆಗೆ ಪೆಟ್ಟಾಗಬಹುದು.

ಎರಡನೆಯದು ಟ್ರೇ. ಎಲ್ಲರೂ ಎಡವುವುದು ಇಲ್ಲೇ.

ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕನ್ನು ಅಳೆಯಿರಿ. ಟ್ರೇ ಅದರ ಒಂದೂವರೆಯಷ್ಟು ಉದ್ದವಿರಬೇಕು. ಬೆಳೆದ ಬೆಕ್ಕಿಗೆ ಸುಮಾರು 65ರಿಂದ 70 ಸೆಂಟಿಮೀಟರ್ ಅಂದುಕೊಳ್ಳಿ. ಪೆಟ್ ಅಂಗಡಿಯ ಚೆಂದದ ಟ್ರೇಗಳಲ್ಲಿ ಅಷ್ಟು ದೊಡ್ಡವು ಅಪರೂಪ, ಇದ್ದರೂ ಬೆಲೆ ಕೇಳಿ ವಾಪಸ್ ಬರುತ್ತೀರಿ. ಸುಮ್ನೆ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಹೋಗಿ, ಕಂಬಳಿ ತುಂಬಿಡುವ ದೊಡ್ಡ ಡಬ್ಬ ತಂದು, ಒಂದು ಬದಿಯನ್ನು ಐದು ಇಂಚಿನ ಎತ್ತರಕ್ಕೆ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ. ಮರಿಯಾದರೆ ಇನ್ನೂ ತಗ್ಗಿರಲಿ. ಮುಚ್ಚಳ ಬೇಡ. ವಾಸನೆಯೆಲ್ಲ ಒಳಗೇ ನಿಂತು ನಿಮಗೆ ಗೊತ್ತಾಗುವುದಿಲ್ಲ, ಒಳಗೆ ಕೂರಬೇಕಾದ ಬೆಕ್ಕಿಗೆ ಗೊತ್ತಾಗುತ್ತದೆ.

ಮರಳು ಎರಡು ಇಂಚು ದಪ್ಪವಿರಲಿ, ಸೆಂಟು ಬೆರೆಸದ್ದೇ ಇರಲಿ. ಲ್ಯಾವೆಂಡರ್, ನಿಂಬೆ ಅಂತ ಬರುವುದೆಲ್ಲ ನಮ್ಮ ಮೂಗಿಗೆ ಮಾಡಿದ್ದು. ನನ್ನ ಓಟು ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿಮಣ್ಣಿನ ಮರಳಿಗೆ. ತೀರ ಚಿಕ್ಕ ಮರಿಗಳಿಗೆ ಮಾತ್ರ ಅದು ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ. ಅವಕ್ಕೆ ಮರದ ಹೊಟ್ಟಿನ ಗುಳಿಗೆ (ಪೆಲೆಟ್) ಸರಿ. ಕಟ್ಟಡದ ಮರಳು ಬಿಟ್ಟಿ ಸಿಗುತ್ತದೆ ನಿಜ, ಆದರೆ ಎರಡೇ ದಿನಕ್ಕೆ ನಾರುತ್ತದೆ. ಹಳೇ ಪತ್ರಿಕೆಯ ಚೂರಿನ ಬಗ್ಗೆ ಪತ್ರಿಕೆಯಲ್ಲೇ ಬರೆಯಲು ಮುಜುಗರ. ಒಂದು ರಾತ್ರಿಗೆ ನಡೆಯುತ್ತದೆ, ಅಷ್ಟೇ.

ಇನ್ನು ಜಾಗ. ನಾನು ಮೊದಲು ವಾಷಿಂಗ್ ಮೆಷಿನ್ ಪಕ್ಕ ಇಟ್ಟಿದ್ದೆ. ಒಂದು ದಿನ ಬೆಕ್ಕು ಟ್ರೇಯಲ್ಲಿದ್ದಾಗಲೇ ಮೆಷಿನ್ ಬಟ್ಟೆ ಹಿಂಡಲು ಗಡಗಡ ಶುರು ಮಾಡಿತು. ಬೆಕ್ಕು ಹಾರಿಹೋಯಿತು. ಆಮೇಲೆ ಮೂರು ವಾರ ನನ್ನ ಹಾಸಿಗೆಯೇ ಅದರ ಟ್ರೇ. ಬಾತ್‌ರೂಮೂ ಬೇಡ, ನಮ್ಮಲ್ಲಿ ನೆಲ ಸದಾ ಒದ್ದೆ, ಅದೂ ಅಲ್ಲದೆ ನೆಂಟರು ಬಂದಾಗ ಬಾಗಿಲು ಮುಚ್ಚಿರುತ್ತದೆ, ಅಲ್ವಾ? ಹಾಲ್‌ನಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಮೂಲೆ ಒಳ್ಳೆಯದು. ಕೂತಲ್ಲಿಂದ ಬೆಕ್ಕಿಗೆ ಕೋಣೆ ಕಾಣಬೇಕು, ಓಡಲು ದಾರಿ ಇರಬೇಕು. ಊಟದ ಬಟ್ಟಲು ಇನ್ನೊಂದು ತುದಿಗೆ.

ದಿನಕ್ಕೆ ಎರಡು ಸಲ ಉಂಡೆ ತೆಗೆಯಿರಿ. ಕಮೋಡ್‌ಗೆ ಸುರಿಯಬೇಡಿ, ಬೆಂಟೊನೈಟ್ ಊದಿಕೊಂಡು ಪೈಪ್ ಕಟ್ಟುತ್ತದೆ. ಎರಡು ಮೂರು ವಾರಕ್ಕೊಮ್ಮೆ ಮರಳು ಪೂರ್ತಿ ಬದಲಿಸಿ, ಟ್ರೇಯನ್ನು ಬರೀ ಸೋಪಿನಲ್ಲಿ ತೊಳೆಯಿರಿ. ಫಿನಾಯಿಲ್ ಮುಟ್ಟಲೇಬೇಡಿ, ನೆಲ ಒರೆಸುವುದಕ್ಕೂ ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು. ನೆಲ ತುಳಿದು ಕಾಲು ನೆಕ್ಕಿಕೊಂಡರೆ ವಿಷ ಒಳಗೆ ಹೋಯಿತು. ಮನೆಗೆಲಸದವರಿಗೆ ನಾನು ಇದನ್ನು ಹತ್ತು ಸಲ ಹೇಳಿದ್ದೇನೆ, ಕೊನೆಗೆ ಬಾಟಲಿಯನ್ನೇ ಮನೆಯಿಂದ ಆಚೆ ಹಾಕಿದೆ.

ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿದರೂ ಉಚ್ಚೆಯ ಹನಿ ಬರುತ್ತಿಲ್ಲ ಅಂದರೆ ನಾಳೆಗೆ ಕಾಯಬೇಡಿ. ಮೂತ್ರನಾಳ ಕಟ್ಟಿದ್ದರೆ ಪ್ರಾಣಕ್ಕೇ ಅಪಾಯ. ಆ ಕ್ಷಣವೇ ಡಾಕ್ಟರ ಹತ್ತಿರ ಹೋಗಿ.

ಉಳಿದದ್ದು ಸುಲಭ. ಬೀರುವಿನ ತಲೆ ಖಾಲಿ ಮಾಡಿಕೊಡಿ, ಚಿಕ್ಕ ಮನೆಯಲ್ಲಿ ಬೆಕ್ಕಿಗೆ ಎತ್ತರವೇ ಜಾಗ. ಮೇಜಿನ ಕಾಲಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಸೋಫಾ ಉಳಿಯುತ್ತದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲೇ ಇರಲಿ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಐದು ತಿಂಗಳ ಹೊತ್ತಿಗೆ ಸಂತಾನಹರಣ ಮಾಡಿಸಿ. ಬಿಟ್ಟರೆ ಗಂಡು ಗೋಡೆಗೆಲ್ಲ ಉಚ್ಚೆ ಚಿಮುಕಿಸುತ್ತದೆ, ಆಮೇಲೆ ಯಾವ ಟ್ರೇಯೂ ನಿಮ್ಮನ್ನು ಕಾಪಾಡುವುದಿಲ್ಲ.

ರಾತ್ರಿ ಮಲಗುವ ಮುಂಚೆ ದಾರಕ್ಕೆ ಕಾಗದ ಕಟ್ಟಿ ಹತ್ತು ನಿಮಿಷ ಓಡಿಸಿ, ಆಮೇಲೆ ಊಟ ಕೊಡಿ. ದಾರ ಎತ್ತಿಡಿ, ನುಂಗಿಬಿಡುತ್ತದೆ. ಇಷ್ಟಾದರೂ ಬೆಳಗಿನ ಜಾವ ನಾಲ್ಕಕ್ಕೆ ಎದೆ ಮೇಲೆ ಕೂತು ಕೂಗಿದರೆ ಮುಸುಕು ಹೊದ್ದು ಮಲಗಿ. ಎದ್ದು ಬಟ್ಟಲು ತುಂಬಿದಿರೋ, ನಾಳೆ ಮೂರೂಮುಕ್ಕಾಲಿಗೇ ಬರುತ್ತದೆ.